ಅಮ್ಮಿಯ ಪೇಪರ್ ಕಟಿಂಗ್ ಮತ್ತು ಬೇಸಗೆಯ ಮಲ್‌ಮಲ್ ಕುರ್ತಾ

ನಿಮ್ಮ ಮನೆಯಲ್ಲೂ ಹಳೆಯ ಟ್ರಂಕೊಂದು ಇರಬಹುದು. ಅದರ ತಳದಲ್ಲಿ ನುಸಿಗುಳಿಗೆಯ ವಾಸನೆಯ ನಡುವೆ, ಮಡಚಿಟ್ಟ ಹಳೆಯ ವೃತ್ತಪತ್ರಿಕೆಯ ಕಟ್ಟು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಬಿಡಿಸಿ ನೋಡಿ. ಅದು ಓದಲು ಇಟ್ಟ ಪತ್ರಿಕೆ ಆಗಿರಲಿಕ್ಕಿಲ್ಲ. ನಿಮ್ಮ ತಾಯಿಯೋ ಅಜ್ಜಿಯೋ ಕತ್ತರಿಸಿಟ್ಟ ಕುರ್ತಾದ ಅಳತೆ ಆಗಿರಬಹುದು.

ನನಗೆ ಸಿಕ್ಕಿದ್ದು ಹಾಗೆಯೇ. ಅಮ್ಮಿ ತೀರಿಕೊಂಡು ಆರು ವರ್ಷವಾದ ಮೇಲೆ ಅವರ ಟ್ರಂಕನ್ನು ಬಿಸಿಲಿಗೆ ಹಾಕುವಾಗ ಆ ಕಟ್ಟು ಕೈಗೆ ಬಂತು. ನಾಲ್ಕೇ ತುಂಡು ಕಾಗದ. ತೋಳಿನ ತುಂಡಿನ ಮೇಲೆ ಚಿಕ್ಕಮಗಳೂರು ಉಪಚುನಾವಣೆಯ ಸುದ್ದಿಯ ಅರ್ಧ ಭಾಗ ಉಳಿದಿತ್ತು. ಅಂದರೆ ಅದು 1978ರದ್ದು. ಇಂದಿರಾ ಗಾಂಧಿಯವರು ಅಲ್ಲಿ ಸ್ಪರ್ಧಿಸಿ ಗೆದ್ದ ವರ್ಷ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಮ್ಮಿಯ ಉರ್ದು ಅಕ್ಷರ: ಕಲಿ, ಬಗಲ್, ಆಸ್ತೀನ್. ಇದು ಕಲಿದಾರ್ ಕುರ್ತಾದ ಕಟಿಂಗ್.

ಅದೇ ವಾರ ನನಗೆ ಇಂತಹ ಕುರ್ತಾ ಬೇಕಾಗಿತ್ತು. ನನಗಲ್ಲ, ನನ್ನ ಆಪಾಗೆ.

ಆಪಾ ಇರುವುದು ರಾಯಚೂರಿನಲ್ಲಿ. ಅಲ್ಲಿಯ ಬೇಸಗೆ ಹೇಗಿರುತ್ತದೆಂದು ಆ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ಫೆಬ್ರವರಿಯಲ್ಲಿ ಅವರಿಗೆ ಎದೆಯ ಗಂಟಿನ ಶಸ್ತ್ರಚಿಕಿತ್ಸೆ ಆಗಿತ್ತು. ಕಂಕುಳಿನ ಕೆಲವು ಗ್ರಂಥಿಗಳನ್ನೂ ತೆಗೆದಿದ್ದರು. ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಇಂತಹ ಚಿಕಿತ್ಸೆಯ ನಂತರ ಆ ಬದಿಯ ಕೈ ಊದಿಕೊಳ್ಳುವ ಸಾಧ್ಯತೆ ಇರುವುದರಿಂದ ಬಿಗಿಯಾದ ತೋಳಿನ ಉಡುಪು ಬೇಡವೆಂದು ವೈದ್ಯರು ಹೇಳುತ್ತಾರೆ. ಆದರೆ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಟಾಪ್‌ಗಳ ಕಂಕುಳೇ ಬಿಗಿ. ತಲೆಯ ಮೇಲಿಂದ ಹಾಕಿಕೊಳ್ಳಬೇಕು. ಬಟ್ಟೆಯೋ ಪಾಲಿಯೆಸ್ಟರ್, ಬೆವರನ್ನು ಹೀರುವುದಿಲ್ಲ. ಆಪಾ ಮನೆಯಲ್ಲಿ ಭಾಯಿಯ ಹಳೆಯ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಯಾರಾದರೂ ನೋಡಲು ಬಂದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಾನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವಳು, ದರ್ಜಿಯಲ್ಲ. ಅಮ್ಮಿಯ ಹೊಲಿಗೆಯಂತ್ರದ ಪಕ್ಕದಲ್ಲಿ ಕುಳಿತು ಕಲಿತಷ್ಟೇ ಗೊತ್ತು. ಆದ್ದರಿಂದ ನನ್ನ ತಪ್ಪನ್ನೂ ಸೇರಿಸಿ ಎಲ್ಲವನ್ನೂ ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಬಟ್ಟೆಯಾದರೂ ಉಳಿಯಲಿ.

ಈ ಹಳೆಯ ಕಟ್‌ನಲ್ಲಿ ಏನಿದೆ?

ಈಗಿನ ಕುರ್ತಿಯನ್ನು ಮೈಯ ಆಕಾರಕ್ಕೆ ತಕ್ಕಂತೆ ಬಳುಕಿಸಿ ಕತ್ತರಿಸುತ್ತಾರೆ. ಕಂಕುಳಿನಲ್ಲಿ ಗುಂಡಗೆ ಕೊರೆಯುತ್ತಾರೆ, ಟಕ್ ಹಿಡಿಯುತ್ತಾರೆ. ಕತ್ತರಿಸಿದ ಚೂರು ಕಸಕ್ಕೆ ಹೋಗುತ್ತದೆ. ಕಲಿದಾರ್ ಕುರ್ತಾದಲ್ಲಿ ಹೆಚ್ಚುಕಡಿಮೆ ಎಲ್ಲವೂ ನೇರ ಗೆರೆ. ಮಧ್ಯದಲ್ಲಿ ಹಿಂದೆ ಮುಂದೆ ಸೇರಿ ಒಂದೇ ಉದ್ದ ಪಟ್ಟಿ. ಭುಜದಲ್ಲಿ ಹೊಲಿಗೆಯೇ ಇಲ್ಲ, ಬರೀ ಮಡಿಕೆ. ಎರಡು ಬದಿಗೆ ಎರಡೆರಡು ಕಲಿಗಳು; ಮೇಲೆ ಕಿರಿದು, ಕೆಳಗೆ ಅಗಲ. ತೋಳು ಎರಡು ಆಯತ. ಕಂಕುಳಿಗೆ ಎರಡು ಚೌಕ ತುಂಡು, ಅದೇ ಬಗಲು.

ಈ ಬಗಲಿನ ತುಂಡೇ ಇದರ ಜೀವ. ಸಾಮಾನ್ಯ ಉಡುಪಿನಲ್ಲಿ ತೋಳಿನ ಹೊಲಿಗೆ, ಪಕ್ಕದ ಹೊಲಿಗೆ ಎಲ್ಲವೂ ಕಂಕುಳಿನ ನಟ್ಟನಡುವೆ ಬಂದು ಸೇರುತ್ತವೆ. ಬೆವರಿದಾಗ ಉಜ್ಜುವುದು ಅಲ್ಲೇ, ಬಟ್ಟೆ ಹರಿಯುವುದೂ ಅಲ್ಲೇ. ಚೌಕ ತುಂಡು ಹಾಕಿದರೆ ಕಂಕುಳಿನ ನಡುವೆ ಹೊಲಿಗೆ ಬರುವುದಿಲ್ಲ. ಕೈ ಎತ್ತಿದರೆ ತುಂಡು ಬಿಚ್ಚಿಕೊಳ್ಳುತ್ತದೆ, ಇಳಿಸಿದರೆ ಮಡಚಿಕೊಳ್ಳುತ್ತದೆ. ನಮ್ಮ ಹಿರಿಯರು ಇದನ್ನು ಯಾವ ಕಾಲೇಜಿನಲ್ಲಿ ಕಲಿತರು ಹೇಳಿ!

ಪಾಶ್ಚಾತ್ಯ ದೇಶಗಳಲ್ಲಿ ಮನೆಹೊಲಿಗೆಗೆ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್‌ಗಳನ್ನು ಮಾರಾಟಕ್ಕೆ ತಂದವರು ಅಮೆರಿಕದ ದರ್ಜಿ ಎಬನೇಝರ್ ಬಟರಿಕ್. ಅದು 1863ರ ಮಾತು. ಈಗಲೂ ಅಲ್ಲಿಯ ಹೆಂಗಸರು ಐವತ್ತು, ಅರವತ್ತು ವರ್ಷ ಹಳೆಯ ಪ್ಯಾಟರ್ನ್ ಹುಡುಕಿ ಹಣ ಕೊಟ್ಟು ಕೊಂಡು ಬೇಸಗೆಯ ಟಾಪ್ ಹೊಲಿದುಕೊಳ್ಳುತ್ತಾರೆ. ನಮ್ಮಲ್ಲಿ ಅಂತಹ ಲಕೋಟೆಗಳು ಮನೆಮನೆಗೆ ಬರಲಿಲ್ಲ. ತಾಯಿ ಮಗಳಿಗೆ ಗೇಣು, ಬೆರಳು ಲೆಕ್ಕದಲ್ಲಿ ಹೇಳಿಕೊಟ್ಟಳು. ಹೆಚ್ಚೆಂದರೆ ಹಳೆಯ ಪೇಪರಿನಲ್ಲಿ ಕತ್ತರಿಸಿಟ್ಟಳು. ಹಳೆಯ ಪ್ಯಾಟರ್ನ್ ಎಲ್ಲಿಯದೇ ಆಗಿರಲಿ, ಎರಡು ಎಚ್ಚರಿಕೆ ಮಾತ್ರ ಒಂದೇ. ಅದರ ಮೇಲಿನ ಸೈಜ್ ನಂಬರನ್ನು ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ಮತ್ತು ಹೊಲಿಗೆಗೆ ಬಿಡಬೇಕಾದ ಬಟ್ಟೆ ಅದರಲ್ಲಿ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ.

ನಾನು ಎಡವಿದ್ದು ಇಲ್ಲೇ.

ಮೊದಲ ಕುರ್ತಾ ಹಾಳಾದ ಬಗೆ

ಅಮ್ಮಿಯ ಎದೆಯ ಸುತ್ತಳತೆ ಆಗ 34 ಇಂಚು. ಅವರ ಕಾಗದದಲ್ಲಿ ಮಧ್ಯದ ಪಟ್ಟಿ 12 ಇಂಚು, ಬಗಲು 4 ಇಂಚು. ಹಿಂದೆ ಮುಂದೆ ಎರಡು ಪಟ್ಟಿ ಸೇರಿ 24, ನಾಲ್ಕು ಕಲಿಗಳ ಮೇಲ್ತುದಿ ನಾಲ್ಕು ನಾಲ್ಕರಂತೆ 16. ಒಟ್ಟು 40. ಅಂದರೆ ಮೈಗಿಂತ 6 ಇಂಚು ಸಡಿಲ. ಆಪಾಗೆ 38. ನಾನು ಮಧ್ಯದ ಪಟ್ಟಿಯನ್ನು 14 ಇಂಚು ಮಾಡಿದೆ. 28 ಮತ್ತು 16 ಸೇರಿ 44. ಲೆಕ್ಕ ಸರಿಯಾಯಿತೆಂದು ಬಿಸ್ಮಿಲ್ಲಾ ಹೇಳಿ ಕತ್ತರಿಸಿಯೇಬಿಟ್ಟೆ.

ಅಮ್ಮಿಯ ಕಾಗದ ಹೊಲಿಗೆ ಮುಗಿದ ಮೇಲಿನ ಅಳತೆ ಎಂದು ನನಗೆ ಹೊಳೆಯಲೇ ಇಲ್ಲ. ಅವರು ಬಟ್ಟೆಯ ಮೇಲೆ ಕಾಗದ ಇಟ್ಟು ಅರ್ಧ ಇಂಚು ಹೊರಗೆ ಗೆರೆ ಎಳೆಯುತ್ತಿದ್ದರು. ಆ ಅರ್ಧ ಇಂಚು ಅವರ ಬೆರಳಿನಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಎರಡು ಪಟ್ಟಿ, ನಾಲ್ಕು ಕಲಿ, ಒಟ್ಟು ಆರು ತುಂಡು. ಒಂದೊಂದರಲ್ಲೂ ಎರಡು ಬದಿ ಸೇರಿ ಒಂದೊಂದು ಇಂಚು ಹೊಲಿಗೆಗೆ ಹೋಯಿತು. 44 ಆಗಬೇಕಾದ ಕುರ್ತಾ 38 ಆಯಿತು. ಸಾಲದ್ದಕ್ಕೆ ಬಟ್ಟೆಯನ್ನು ನೀರಿಗೆ ಹಾಕದೆ ಕತ್ತರಿಸಿದ್ದೆ.

ಆ ಕುರ್ತಾವನ್ನು ಆಪಾಗೆ ಕಳಿಸಿದೆ. ಫೋನಿನಲ್ಲಿ "ತುಂಬಾ ಚೆನ್ನಾಗಿದೆ, ಹಬ್ಬಕ್ಕೆಂದು ಎತ್ತಿಟ್ಟಿದ್ದೇನೆ" ಅಂದರು. ನಾನು ಖುಷಿಯಾದೆ. ಏಪ್ರಿಲ್‌ನಲ್ಲಿ ರಾಯಚೂರಿಗೆ ಹೋದಾಗ ಅವರ ಮಗಳು ಗುಟ್ಟಾಗಿ ಹೇಳಿದಳು: "ಖಾಲಾ, ಅಮ್ಮಿ ಅದನ್ನು ಒಮ್ಮೆ ತೊಳೆದು ಹಾಕಿಕೊಳ್ಳಲು ಹೋದರು. ತೋಳು ಮೇಲೆ ಹೋಗಲಿಲ್ಲ. ಅತ್ತುಬಿಟ್ಟರು. ನಿಮಗೆ ಹೇಳಬಾರದು ಅಂದಿದ್ದಾರೆ."

ಸಹೋದರಿಯರೇ, ಇದೇ ಆಪಾ ಎದೆಯಲ್ಲಿ ಗಂಟು ಕಂಡ ಮೇಲೂ ಮೂರು ತಿಂಗಳು ಯಾರಿಗೂ ಹೇಳಿರಲಿಲ್ಲ. "ಮಗನ ಪರೀಕ್ಷೆ ಮುಗಿಯಲಿ ಅಂತ ಸುಮ್ಮನಿದ್ದೆ" ಎಂದಿದ್ದರು. ಕುರ್ತಾ ಬಿಗಿಯಾದದ್ದನ್ನು ಮುಚ್ಚಿಟ್ಟಂತೆಯೇ ಅದನ್ನೂ ಮುಚ್ಚಿಟ್ಟಿದ್ದರು. ಯಾರ ಮನಸ್ಸೂ ನೋಯಬಾರದೆಂದು ತಾವು ನೋಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗಿಲ್ಲ! ಆ ರಾತ್ರಿ ನಾನು ಆಪಾರ ಮುಂದೆ ಟೇಪ್ ಇಟ್ಟುಕೊಂಡು ಕುಳಿತೆ. "ಎಲ್ಲಿ ಬಿಗಿ, ಎಲ್ಲಿ ಉರಿ, ಕೈ ಎಲ್ಲಿಯವರೆಗೆ ಏಳುತ್ತದೆ, ನಿಜ ಹೇಳಿ. ಇಲ್ಲದಿದ್ದರೆ ಮತ್ತೆ ಎರಡು ಮೀಟರ್ ಹಾಳು" ಅಂದೆ. ಆಪಾ ನಕ್ಕರು. ಆಮೇಲೆ ಹೇಳಿದರು, ಎಲ್ಲವನ್ನೂ.

ಬಟ್ಟೆ ಯಾವುದು?

ಬೇಸಗೆಗೆ ಹತ್ತಿಯ ಮಲ್‌ಮಲ್‌ಗೆ ಸಮನಾದದ್ದಿಲ್ಲ. ತೆಳು ನೂಲು, ಬಿಡುಬಿಡಾದ ಸಾದಾ ನೇಯ್ಗೆ. ಗಾಳಿ ಆಡುತ್ತದೆ, ಬೆವರನ್ನು ಹೀರಿ ಬೇಗ ಆರುತ್ತದೆ. ಇಂಗ್ಲಿಷಿನ ಮಸ್ಲಿನ್ ಎಂಬ ಹೆಸರು ಇರಾಕಿನ ಮೋಸುಲ್ ನಗರದಿಂದ ಬಂದದ್ದು. ಆದರೆ ಜಗತ್ತು ಬೆರಗಾಗಿ ನೋಡಿದ ಮಸ್ಲಿನ್ ಢಾಕಾದ್ದು. ಅಲ್ಲಿಯ ಜಾಮ್ದಾನಿ ನೇಯ್ಗೆಯ ಕಲೆಯನ್ನು ಯುನೆಸ್ಕೋ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ನಮ್ಮ ಕೈಗೆಟಕುವ ಮಲ್‌ಮಲ್ ಅಷ್ಟು ನವಿರಲ್ಲ. ಆದರೂ ಪಾಲಿಯೆಸ್ಟರ್‌ಗಿಂತ ಸಾವಿರ ಪಾಲು ಮೇಲು. ಮಲ್‌ಮಲ್ ಸಿಗದಿದ್ದರೆ ಹತ್ತಿಯ ವಾಯಿಲ್ ಅಥವಾ ತೆಳು ಕೇಂಬ್ರಿಕ್ ತೆಗೆದುಕೊಳ್ಳಿ. ಸಾದಾ ಬಣ್ಣ ಅಥವಾ ಎಲ್ಲ ದಿಕ್ಕಿಗೂ ಒಂದೇ ರೀತಿ ಕಾಣುವ ಸಣ್ಣ ಹೂವಿನ ಬಟ್ಟೆ ಇರಲಿ. ಒಂದೇ ದಿಕ್ಕಿನ ಚಿತ್ತಾರವಿದ್ದರೆ ಕಲಿಗಳಲ್ಲಿ ಹೂ ತಲೆಕೆಳಗಾಗುತ್ತದೆ.

"ಮಲ್‌ಮಲ್ ಅಂದರೆ ಮೈ ಕಾಣುವುದಿಲ್ಲವೇ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅನ್ನಹ್ಲ್ ಅಧ್ಯಾಯದ 81ನೇ ವಚನವು ಸೆಕೆಯಿಂದ ಕಾಪಾಡುವ ಉಡುಪನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಹೇಳುತ್ತದೆ. ಇನ್ನೊಂದು ಕಡೆ, ಈಜಿಪ್ಟಿನ ಬಟ್ಟೆಯೊಂದನ್ನು ಪ್ರವಾದಿ(ಸ)ರವರು ಉಸಾಮ ಬಿನ್ ಝೈದ್(ರ)ರಿಗೆ ಕೊಟ್ಟದ್ದು, ಅವರು ಅದನ್ನು ಪತ್ನಿಗೆ ಕೊಟ್ಟಾಗ ಅದರ ಕೆಳಗೆ ಒಳ ಉಡುಪೊಂದನ್ನು ಧರಿಸಲು ಹೇಳುವಂತೆ ಪ್ರವಾದಿ(ಸ)ರವರು ಸೂಚಿಸಿದ್ದು ಮುಸ್ನದ್ ಅಹ್ಮದ್‌ನಲ್ಲಿ ವರದಿಯಾಗಿದೆ. ಗಮನಿಸಿ, ಆ ಬಟ್ಟೆ ಬೇಡವೆಂದು ಹೇಳಲಿಲ್ಲ, ಒಳಗೊಂದು ಪದರ ಇರಲಿ ಎಂದರು. ಬಿಸಿಲಿಗೂ ಲಜ್ಜೆಗೂ ಒಟ್ಟಿಗೆ ಉತ್ತರ ಇಲ್ಲಿದೆ.

ಆದ್ದರಿಂದ ಒಳಗೆ ಕೇಂಬ್ರಿಕ್‌ನ ಸಡಿಲವಾದ ಶಮೀಜು ಇರಲಿ. ಅಸ್ತರನ್ನು ಕುರ್ತಾಕ್ಕೇ ಸೇರಿಸಿ ಹೊಲಿಯಬೇಡಿ. ಎರಡು ಪದರ ಅಂಟಿಕೊಂಡು ಸೆಕೆ ಹೆಚ್ಚುತ್ತದೆ, ಒಗೆದರೆ ಬೇಗ ಆರುವುದಿಲ್ಲ. ಬೇರೆಯಾಗಿದ್ದರೆ ಒಂದು ಶಮೀಜನ್ನು ಮೂರು ಕುರ್ತಾಗಳಿಗೆ ಬಳಸಬಹುದು. ಬಿಳಿಗಿಂತ ಮೈಬಣ್ಣದ ಶಮೀಜು ಹೊರಗೆ ಕಡಿಮೆ ಕಾಣುತ್ತದೆ.

ಕತ್ತರಿಸುವ ಮೊದಲು

44 ಇಂಚು ಅಗಲದ ಬಟ್ಟೆ ಎರಡೂಕಾಲು ಮೀಟರ್ ತನ್ನಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಈಗಲೇ ಕುಗ್ಗಲಿ. ಆಮೇಲೆ ಅಮ್ಮಿಯ ಒಂದು ಉಪಾಯ: ಅನ್ನದ ಗಂಜಿಯ ತಿಳಿಯನ್ನು ನೀರಿಗೆ ಬೆರೆಸಿ ಬಟ್ಟೆಯನ್ನು ಅದ್ದಿ ಒಣಗಿಸಿ, ಸ್ವಲ್ಪ ಹಸಿಯಿರುವಾಗಲೇ ಇಸ್ತ್ರಿ ಮಾಡಿ. ಮಲ್‌ಮಲ್ ಜಾರುವುದಿಲ್ಲ, ಕಾಗದದಂತೆ ನಿಂತು ಕತ್ತರಿಗೆ ಒಗ್ಗುತ್ತದೆ. ಹೊಲಿದ ಮೇಲೆ ಒಂದು ಒಗೆತಕ್ಕೆ ಗಂಜಿ ಹೋಗಿಬಿಡುತ್ತದೆ.

ಯಂತ್ರಕ್ಕೆ 11ನೇ ನಂಬರಿನ ಹೊಸ ಸೂಜಿ ಹಾಕಿ. ದಪ್ಪ ಸೂಜಿ ಮಲ್‌ಮಲ್‌ನಲ್ಲಿ ತೂತು ಬಿಡುತ್ತದೆ. ಹೊಲಿಗೆ ಸಣ್ಣದಿರಲಿ, ಇಂಚಿಗೆ ಹನ್ನೆರಡರಷ್ಟು.

ಕಟಿಂಗ್ ಲೆಕ್ಕ

ಇದು 38 ಇಂಚಿನ ಎದೆಯಳತೆಗೆ, 36 ಇಂಚು ಉದ್ದದ ಕುರ್ತಾ. ಹೊಲಿಗೆಯ ಅರ್ಧ ಇಂಚು ಎಲ್ಲ ಕಡೆಯೂ ಸೇರಿದೆ.

ಮಧ್ಯದ ಪಟ್ಟಿ: 15 ಇಂಚು ಅಗಲ, 75 ಇಂಚು ಉದ್ದ, ಒಂದು.
ಕಲಿ: 14 ಇಂಚು ಅಗಲ, 30½ ಇಂಚು ಉದ್ದದ ಎರಡು ಆಯತ, ಇವುಗಳಿಂದ ನಾಲ್ಕು ಕಲಿ.
ತೋಳು: 16 ಇಂಚು ಅಗಲ, 22½ ಇಂಚು ಉದ್ದ, ಎರಡು.
ಬಗಲು: 5 ಇಂಚಿನ ಚೌಕ, ಎರಡು.

ಮಧ್ಯದ ಪಟ್ಟಿಯನ್ನು ಬಟ್ಟೆಯ ಒಂದು ಅಂಚಿನ ಉದ್ದಕ್ಕೂ ತೆಗೆಯಿರಿ. ಉಳಿದ 29 ಇಂಚು ಅಗಲದಲ್ಲಿ ಕಲಿಯ ಎರಡು ಆಯತಗಳು ಪಕ್ಕಪಕ್ಕ ಕೂರುತ್ತವೆ. ಅದರ ಕೆಳಗೆ ತೋಳುಗಳನ್ನು ಅಡ್ಡಲಾಗಿ ಒಂದರ ಕೆಳಗೊಂದು ಇಡಿ. ತೋಳಿನ ಪಕ್ಕದಲ್ಲಿ ಆರೂವರೆ ಇಂಚಿನ ಉದ್ದ ಪಟ್ಟಿ ಉಳಿಯುತ್ತದೆ, ಅದು ಮುಂದಿನ ಗುಂಡಿಪಟ್ಟಿಗೆ. ತೋಳುಗಳ ಕೆಳಗೆ ಉಳಿದದ್ದರಲ್ಲಿ ಬಗಲು ಮತ್ತು ಕುತ್ತಿಗೆಯ ಕ್ರಾಸ್ ಪೀಸ್. ಕಸಕ್ಕೆ ಹೋಗುವುದು ಅಂಗೈಯಷ್ಟು ಚೂರು ಮಾತ್ರ.

ಕಲಿ ತೆಗೆಯುವಾಗ ಎರಡು ಆಯತಗಳನ್ನು ಮುಖಕ್ಕೆ ಮುಖ ಇಟ್ಟು ಒಟ್ಟಿಗೆ ಕತ್ತರಿಸಿ. ಮೇಲಂಚಿನಲ್ಲಿ ಎಡದಿಂದ 5 ಇಂಚಿಗೆ, ಕೆಳಂಚಿನಲ್ಲಿ ಎಡದಿಂದ 9 ಇಂಚಿಗೆ ಗುರುತು ಹಾಕಿ ಓರೆಯಾಗಿ ಗೆರೆ ಎಳೆಯಿರಿ. ಒಂದು ಆಯತದಿಂದ ಎರಡು ಕಲಿ; ಒಂದು ನೆಟ್ಟಗೆ, ಇನ್ನೊಂದು ತಿರುಗಿಸಿದರೆ ನೆಟ್ಟಗೆ. ಒಟ್ಟಿಗೆ ಕತ್ತರಿಸಿದ್ದರಿಂದ ಎಡ, ಬಲ ಜೋಡಿ ತಾನಾಗಿ ಸಿಗುತ್ತದೆ.

ನಿಮ್ಮ ಅಳತೆ ಬೇರೆಯೇ? ಮಧ್ಯದ ಪಟ್ಟಿಯನ್ನು ಒಂದು ಇಂಚು ಅಗಲ ಮಾಡಿದರೆ ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ. ಕಲಿ, ಬಗಲು ಹಾಗೆಯೇ ಇರಲಿ. ಈ ಹಳೆಯ ಕಟ್‌ನ ದೊಡ್ಡ ಉಪಕಾರ ಇದೇ. ಅಗಲ ಹೆಚ್ಚಿಸಿದಾಗ ಬಟ್ಟೆಯ ಮೇಲೆ ತುಂಡುಗಳು ಹಿಡಿಸುತ್ತವೆಯೇ ಎಂದು ಮಾತ್ರ ಇನ್ನೊಮ್ಮೆ ಇಟ್ಟು ನೋಡಿ. ಹಿಡಿಸದಿದ್ದರೆ ಅರ್ಧ ಮೀಟರ್ ಹೆಚ್ಚು ತನ್ನಿ.

ಹೊಲಿಗೆಯ ಕ್ರಮ

ಮಧ್ಯದ ಪಟ್ಟಿಯನ್ನು ಉದ್ದದಲ್ಲಿ ಅರ್ಧಕ್ಕೆ ಮಡಚಿ. ಮಡಿಕೆಯೇ ಭುಜ. ಅದರ ನಡುವೆ 6 ಇಂಚು ಅಗಲದ ಕುತ್ತಿಗೆ, ಮುಂದೆ 4½ ಇಂಚು, ಹಿಂದೆ 1 ಇಂಚು ಆಳ. ಸಾಮಾನ್ಯ ಕುರ್ತಾವಾದರೆ ಮುಂದೆ ಒಂದು ಗೇಣು ಸೀಳಿ ಪಟ್ಟಿ ಕೊಟ್ಟರೆ ಸಾಕು. ಆಪಾಗೆ ತಲೆಯ ಮೇಲಿಂದ ಹಾಕಿಕೊಳ್ಳಲು ಆಗದ ಕಾರಣ ನಾನು ಮುಂಭಾಗವನ್ನು ಕುತ್ತಿಗೆಯಿಂದ ಕೆಳಗಿನವರೆಗೆ ನಡುವೆ ಸೀಳಿದೆ. 3 ಇಂಚು ಅಗಲದ ಎರಡು ಪಟ್ಟಿಗಳನ್ನು ಮಡಚಿ ಎರಡೂ ಬದಿಗೆ ಹೊಲಿದೆ. ಮುಗಿದ ಮೇಲೆ ಪಟ್ಟಿ ಒಂದು ಇಂಚು ಅಗಲ. ಒಂದರ ಮೇಲೊಂದು ಕೂತಾಗ ಹೊಲಿಗೆಗೆ ಹೋದ ಒಂದು ಇಂಚು ಮರಳಿ ಬರುತ್ತದೆ, ಅಳತೆ ತಪ್ಪುವುದಿಲ್ಲ. ಗುಂಡಿಯ ಬದಲು ಟಿಚ್ ಬಟನ್ ಹಾಕಿದೆ, ಒಂದೇ ಕೈಯಲ್ಲಿ ಒತ್ತಬಹುದು. ಕುತ್ತಿಗೆಗೆ ಕ್ರಾಸ್ ಪೀಸ್ ಕೊಟ್ಟು ಒಳಗೆ ಮಡಚಿ.

ಈಗ ತೋಳಿನ 16 ಇಂಚಿನ ಅಂಚಿನ ನಡುಭಾಗವನ್ನು ಭುಜದ ಮಡಿಕೆಗೆ ಸೇರಿಸಿ ಹೊಲಿಯಿರಿ. ಎರಡೂ ತುದಿಯಲ್ಲಿ ಅರ್ಧ ಇಂಚು ಮೊದಲೇ ನಿಲ್ಲಿಸಿ. ತೋಳು ಮುಗಿದಲ್ಲಿಂದ ಕೆಳಗೆ ಕಲಿಯ ಓರೆ ಅಂಚನ್ನು ಪಟ್ಟಿಯ ನೇರ ಅಂಚಿಗೆ ಸೇರಿಸಿ, ಕಿರಿದಾದ ತುದಿ ಮೇಲಕ್ಕೆ. ಓರೆ ಅಂಚು ಎಳೆದರೆ ಹಿಗ್ಗುತ್ತದೆ. ನೇರ ಅಂಚಿಗೆ ಸೇರಿಸಿದರೆ ಹಿಡಿತದಲ್ಲಿರುತ್ತದೆ. ಕೆಳಗೆ ಕಾಲಿಂಚು ಹೆಚ್ಚು ಬಂದರೆ ಕೊನೆಗೆ ಸಮ ಮಾಡಿ.

ಈಗ ಬಗಲು. ಚೌಕದ ಒಂದು ಮೂಲೆಯನ್ನು ತೋಳು, ಪಟ್ಟಿ, ಕಲಿ ಮೂರೂ ಸೇರುವ ಮುಂದಿನ ಬಿಂದುವಿಗೆ ಇಡಿ. ಆ ಮೂಲೆಯ ಒಂದು ಬದಿಯನ್ನು ತೋಳಿನ ಕೆಳ ಅಂಚಿಗೆ, ಇನ್ನೊಂದು ಬದಿಯನ್ನು ಕಲಿಯ ಮೇಲಂಚಿಗೆ ಹೊಲಿಯಿರಿ. ಎದುರಿನ ಮೂಲೆಯನ್ನು ಹಿಂಭಾಗಕ್ಕೆ ಹಾಗೆಯೇ. ಪ್ರತಿ ಮೂಲೆಯಲ್ಲೂ ಅರ್ಧ ಇಂಚು ಮೊದಲೇ ನಿಲ್ಲಿಸಿ, ಆಗ ಸುಕ್ಕು ಬರುವುದಿಲ್ಲ. ಮೊದಲ ಬಾರಿ ಕಚ್ಚಾ ಹೊಲಿಗೆ ಹಾಕಿ ನೋಡಿಕೊಳ್ಳಿ. ಉಳಿದ ಎರಡು ಮೂಲೆಗಳಲ್ಲಿ ಒಂದರಿಂದ ತೋಳಿನ ತುದಿಯವರೆಗೆ, ಇನ್ನೊಂದರಿಂದ ಕೆಳಗೆ ಚಾಕ್‌ವರೆಗೆ ಪಕ್ಕದ ಹೊಲಿಗೆ. ಚಾಕ್ 8 ಇಂಚು ಸಾಕು.

ಮಲ್‌ಮಲ್‌ನ ಅಂಚು ನೂಲು ಬಿಡುತ್ತದೆ. ಉದ್ದ ಹೊಲಿಗೆಗಳನ್ನು ಎರಡು ಬಾರಿ ಹಾಕಿ. ಮೊದಲು ಬಟ್ಟೆಯ ಒಳಮೈ ಒಳಮೈ ಸೇರಿಸಿ ಹೊರಗಿನಿಂದ ಕಾಲಿಂಚಿಗೆ ಹೊಲಿದು, ಅಂಚನ್ನು ಅರ್ಧಕ್ಕೆ ಸವರಿ, ತಿರುಗಿಸಿ ಒಳಗಿನಿಂದ ಇನ್ನೊಂದು ಕಾಲಿಂಚಿಗೆ. ನೂಲು ಒಳಗೇ ಮುಚ್ಚಿಹೋಗುತ್ತದೆ. ಕಂಕುಳಿನ ಸುತ್ತ ಮಾತ್ರ ಹೀಗೆ ಬೇಡ, ಏಣಾಗಿ ಚರ್ಮಕ್ಕೆ ಒತ್ತುತ್ತದೆ. ಅಲ್ಲಿ ಸಾದಾ ಹೊಲಿಗೆ ಹಾಕಿ, ಒಂದು ಅಂಚನ್ನು ಸವರಿ, ಇನ್ನೊಂದನ್ನು ಅದರ ಮೇಲೆ ಮಡಚಿ ಕೈಯಿಂದ ತುರ್ಪಾಯಿ ಮಾಡಿ. ಚಪ್ಪಟೆಯಾಗಿ, ಮೆತ್ತಗೆ ಕೂರುತ್ತದೆ. ಒಂದು ಗಂಟೆಯ ಕೆಲಸ. ಗಾಯ ಮಾಗುತ್ತಿರುವ ಮೈಗೆ ಆ ಒಂದು ಗಂಟೆ ದೊಡ್ಡದಲ್ಲ.

ಎರಡನೆಯ ಕುರ್ತಾ

ಎರಡನೆಯದನ್ನು ಆಪಾರ ಮನೆಯಲ್ಲೇ ಹೊಲಿದೆ. ಮುಗಿದಾಗ ಅಸರ್ ಆಗಿತ್ತು. ಆಪಾ ಒಳಗೆ ಹೋಗಿ ಹಾಕಿಕೊಂಡು ಬಂದರು. ಯಾರ ಸಹಾಯವೂ ಇಲ್ಲದೆ! ಬಾಗಿಲ ಬಳಿ ನಿಂತು, ವೈದ್ಯರು ಹೇಳಿಕೊಟ್ಟ ವ್ಯಾಯಾಮದಂತೆ ಎಡಗೈಯ ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಿದರು. ಭುಜದ ಮಟ್ಟ ದಾಟಿ ಎರಡು ಬೆರಳು ಮೇಲೆ ಹೋಯಿತು. ಬಟ್ಟೆ ಎಲ್ಲೂ ಹಿಡಿಯಲಿಲ್ಲ. ಅಲ್ಹಮ್ದುಲಿಲ್ಲಾಹ್.

ಅಷ್ಟರಲ್ಲಿ ಪಕ್ಕದ ಮನೆಯವರು ನೋಡಲು ಬಂದರು. ಆಪಾ ಈ ಸಲ ಒಳಗೆ ಹೋಗಲಿಲ್ಲ. ದುಪಟ್ಟಾ ಸರಿಮಾಡಿಕೊಂಡು "ಬನ್ನಿ, ಕೂತುಕೊಳ್ಳಿ" ಅಂದರು. "ಇದು ನಮ್ಮ ಅಮ್ಮಿಯ ಕಟಿಂಗ್" ಎಂದು ತೋರಿಸಿದರು.

ಹಾಳಾದ ಮೊದಲ ಕುರ್ತಾ ಏನಾಯಿತು ಗೊತ್ತೇ? ಬಿಚ್ಚಿದೆ. ಎಲ್ಲ ನೇರ ತುಂಡುಗಳು ತಾನೇ, ಆಪಾರ ಹತ್ತು ವರ್ಷದ ಮಗಳಿಗೆ ಚಂದದ ಕುರ್ತಾ ಆಯಿತು. ಗುಟ್ಟು ಹೇಳಿದ್ದಕ್ಕೆ ಇನಾಮು!

ಅಮ್ಮಿಯ ಕಾಗದಗಳು ಈಗ ಮುಟ್ಟಿದರೆ ಪುಡಿಯಾಗುವಂತಿವೆ. ಅವುಗಳನ್ನು ಬ್ರೌನ್ ಪೇಪರಿನ ಮೇಲೆ ಇಟ್ಟು ಗೆರೆ ಎಳೆದುಕೊಂಡು ಹೊಸದಾಗಿ ಕತ್ತರಿಸಿದ್ದೇನೆ. ಪ್ರತಿಯೊಂದರ ಮೇಲೂ ಯಾರ ಅಳತೆ, ಎಷ್ಟು ಇಂಚು, ಯಾವ ವರ್ಷ ಎಂದು ಬರೆದಿದ್ದೇನೆ. ಅಮ್ಮಿ ಬರೆಯದೆ ಬೆರಳಿನಲ್ಲೇ ಇಟ್ಟುಕೊಂಡಿದ್ದ ಆ ಮಾತನ್ನೂ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಹೊಲಿಗೆಗೆ ಅರ್ಧ ಇಂಚು ಬಿಡಿ.

ನಿಮ್ಮ ತಾಯಿ, ಅಜ್ಜಿ ಬದುಕಿದ್ದರೆ ಈ ಬೇಸಗೆಯಲ್ಲಿ ಅವರ ಪಕ್ಕ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಅವರ ಬೆರಳಲ್ಲಿರುವ ಅಳತೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಹಾಗೆಯೇ ನಿಮ್ಮ ಮೈಯಲ್ಲಿ ಗಂಟೋ ನೋವೋ ಕಂಡರೆ ಮಕ್ಕಳ ಪರೀಕ್ಷೆ, ಮನೆಯ ಹಬ್ಬ ಎಂದು ಮುಂದೂಡದೆ ಅದೇ ದಿನ ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಎಲ್ಲಿ ಬಿಗಿಯಾಗಿದೆ ಎಂದು ನೀವು ಹೇಳಿದರೆ ತಾನೇ ಸಡಿಲಿಸಲು ಇನ್ನೊಬ್ಬರಿಗೆ ಆಗುವುದು?